ಕುರಿಗಾರರಿಲ್ಲದ ಗುಡ್ಡದಾರಿ

ಸೇಂಟ್ ಮೇರೀಸ್ ಲಾಕ್ ಎಂಬ ಸರೋವರದ ದಂಡೆಯಿಂದ ಟ್ರಾಕ್ವೇರ್‌ವರೆಗೆ ಗುಡ್ಡ ಹತ್ತಿ ಇಳಿದು ಹೋಗುವ ಸುಮಾರು 19 ಕಿಲೋಮೀಟರ್ ದಾರಿಯಲ್ಲಿ ಈಗ ದಿಕ್ಕು ತಪ್ಪುವುದೇ ಕಷ್ಟ. ತಿರುವಿಗೊಂದು ಮರದ ಗೂಟ, ಗೂಟದ ಮೇಲೆ ಮುಳ್ಳುಹೂವಿನ ಗುರುತು. ಜೌಗಿರುವಲ್ಲಿ ಹಲಗೆ ಹಾಸಿದ್ದಾರೆ, ಹಳ್ಳಕ್ಕೆ ಕಾಲುಸಂಕ ಹಾಕಿದ್ದಾರೆ, ಬೇಲಿ ಅಡ್ಡ ಬಂದಲ್ಲಿ ತಡಬೆ ಇದೆ. ನಾವು ಚಿಕ್ಕವರಿದ್ದಾಗ ಇದ್ಯಾವುದೂ ಇರಲಿಲ್ಲ. ಮಂಜು ಕವಿದರೆ ನಿಂತಲ್ಲೇ ನಿಂತು ಕೂಗು ಹಾಕುತ್ತಿದ್ದೆವು. ಯಾವುದೋ ಮಗ್ಗುಲಿನಿಂದ ನಾಯಿ ಬೊಗಳುತ್ತಿತ್ತು, ಅದರ ಹಿಂದೆಯೇ ಕೋಲೂರಿಕೊಂಡು ಒಬ್ಬ ಕುರಿಗಾರ ಬರುತ್ತಿದ್ದ. ಹೋದ ವರ್ಷ ಜೂನ್‌ನಲ್ಲಿ ಆ ದಾರಿಯನ್ನು ಈ ತುದಿಯಿಂದ ಆ ತುದಿಗೆ ನಡೆದೆ. ಎದುರಾದವರೆಲ್ಲ ಬೆನ್ನಿಗೆ ಚೀಲ ಹೊತ್ತ ನನ್ನಂಥ ಪರಊರಿನವರು. ಆ ಗುಡ್ಡದ ಮೇಲೆ ಕೆಲಸ ಇದ್ದವರು ಅಂತ ಒಬ್ಬರೂ ಸಿಗಲಿಲ್ಲ.

ಅಪ್ಪ ಸಾಗರ ತಾಲೂಕಿನವರು. 1974ರಲ್ಲಿ ದಕ್ಷಿಣ ಸ್ಕಾಟ್ಲೆಂಡಿನ ಬಾರ್ಡರ್ಸ್ ಸೀಮೆಗೆ, ಟ್ವೀಡ್ ನದಿಯ ದಂಡೆಯ ಒಂದು ಸಣ್ಣ ಊರಿಗೆ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ವೈದ್ಯರಾಗಿ ಹೋದರು. ನಮ್ಮ ಕಡೆಯ ಎಷ್ಟೋ ಡಾಕ್ಟರುಗಳು ಆ ಕಾಲದಲ್ಲಿ ಬ್ರಿಟನ್ನಿನ ಮೂಲೆ ಮೂಲೆಯ ಊರುಗಳಲ್ಲಿ ಹೀಗೆ ದುಡಿದವರೇ. ಯ್ಯಾರೋ ನದಿಯ ಕಣಿವೆಯ ಒಂಟಿಮನೆಗಳಿಗೆ ರೋಗಿಗಳನ್ನು ನೋಡಲು ಹೊರಟಾಗ, ಶಾಲೆಗೆ ರಜೆಯಿದ್ದರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಕಾರು ಹೋಗುವಷ್ಟು ದೂರ ಕಾರು, ಆಮೇಲೆ ನಡಿಗೆ. ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿ ನನ್ನ ಕೈಲಿ, ಔಷಧಿಯ ಚೀಲ ಅಪ್ಪನ ಕೈಲಿ. ಮಲೆನಾಡಿನ ಗುಡ್ಡ ಹತ್ತಿ ಬೆಳೆದ ಅಪ್ಪನ ಕಾಲಿಗೆ ಆ ಏರು ಲೆಕ್ಕಕ್ಕೇ ಇರಲಿಲ್ಲ. ಮರವೇ ಇಲ್ಲದ ಗುಡ್ಡ ನೋಡಿ ಮಾತ್ರ ಅವರಿಗೆ ಮೊದಮೊದಲು ಜೀವ ಹಿಂಡಿದಂತಾಗುತ್ತಿತ್ತಂತೆ. ಹುಲ್ಲು, ಹೆದರ್ ಗಿಡಗಳ ಕಂದುನೇರಳೆ, ಕಲ್ಲಿನ ಗೋಡೆ, ಕುರಿ, ಮೋಡ. ಕಣ್ಣು ಹಾಯಿಸಿದಷ್ಟೂ ಇಷ್ಟೇ. ಕ್ರಮೇಣ ಆ ಬಯಲನ್ನೇ ಅವರು ಪ್ರೀತಿಸತೊಡಗಿದರು. ನನಗಂತೂ ಅದೇ ಬಾಲ್ಯ.

ಒಂದು ಮಾತು ಇಲ್ಲೇ ಹೇಳಬೇಕು. ಆ ಬೋಳುಗುಡ್ಡ ದೇವರು ಮಾಡಿದ್ದಲ್ಲ. ಒಂದು ಕಾಲಕ್ಕೆ ಅದು ಎಟ್ರಿಕ್ ಫಾರೆಸ್ಟ್, ರಾಜರು ಬೇಟೆಗೆ ಬರುತ್ತಿದ್ದ ಕಾಡು. 1136ರಲ್ಲಿ ಮೆಲ್ರೋಸ್‌ನಲ್ಲಿ ಮಠ ಕಟ್ಟಿದ ಸಿಸ್ಟರ್ಷಿಯನ್ ಸನ್ಯಾಸಿಗಳು ಉಣ್ಣೆಗಾಗಿ ದೊಡ್ಡ ದೊಡ್ಡ ಕುರಿಹಿಂಡು ಸಾಕಿದರು. ಅವರ ನಂತರ ಬಂದ ಒಡೆಯರೂ ಕುರಿಯನ್ನೇ ನೆಚ್ಚಿದರು. ಚಿಗುರಿದ್ದನ್ನೆಲ್ಲ ಕುರಿ ಮೇಯ್ದು ಮೇಯ್ದು ಕಾಡು ಕರಗಿತು. ನಾನು ಹಂಬಲಿಸುವ ಹಸಿರು ಬಯಲು ಕೂಡ ಇನ್ನೊಂದರ ಅಳಿವಿನ ಮೇಲೆ ಬಂದದ್ದೇ. ಅದು ಗೊತ್ತಿದ್ದೂ ಹಂಬಲ ಕಡಿಮೆಯಾಗುವುದಿಲ್ಲ. ಎಂಟುನೂರು ವರ್ಷ ಮನುಷ್ಯರು, ನಾಯಿಗಳು, ಕುರಿಗಳು ಕೂಡಿ ಒಂದು ಬದುಕು ಕಟ್ಟಿದ್ದರು. ಅದು ನನ್ನ ಕಣ್ಣೆದುರೇ ಮುಗಿಯುತ್ತಾ ಬಂತು.

ಆ ಗುಡ್ಡಗಳಲ್ಲಿ ಬಹುಪಾಲು ಬೇಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಾಯಿಕುರಿ ತಾನು ಹುಟ್ಟಿದ ಮಗ್ಗುಲು ಬಿಟ್ಟು ಕದಲುತ್ತಿರಲಿಲ್ಲ. ಅದರ ಹಿಂದೆ ಹಿಂದೆ ಮೇಯುತ್ತ ಮರಿಯೂ ಆ ಎಲ್ಲೆಯನ್ನು ಕಲಿಯುತ್ತಿತ್ತು. ಬಿಸಿಲಿದ್ದಾಗ ಎಲ್ಲಿಗೆ ಏರಬೇಕು, ಗಾಳಿ ಪಡುವಣದಿಂದ ಬೀಸಿದರೆ ಯಾವ ಕೊರಕಲಲ್ಲಿ ಇಳಿದು ನಿಲ್ಲಬೇಕು, ಹಿಮದಲ್ಲಿ ಯಾವ ದಿಬ್ಬದ ಹುಲ್ಲು ಮೊದಲು ಮೇಲೆ ಕಾಣುತ್ತದೆ, ಎಲ್ಲವೂ ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಆದ್ದರಿಂದಲೇ ಫಾರ್ಮ್ ಕೈಬದಲಾದರೆ ಹಿಂಡೂ ನೆಲದ ಜೊತೆಗೇ ಹೋಗುತ್ತಿತ್ತು. ಒಡೆಯ ಬದಲಾದರೂ ಕುರಿ ಬದಲಾಗುತ್ತಿರಲಿಲ್ಲ. ಕುರಿಗಾರ ಬೆಳಗ್ಗೆ ಅವನ್ನು ಮೇಲಿನಿಂದ ಕೆಳಕ್ಕೆ ತಿರುಗಿಸುತ್ತಿದ್ದ, ಸಂಜೆಗೆ ಮೇಲಕ್ಕೆ ಬಿಡುತ್ತಿದ್ದ. ವರ್ಷದ ಎಲ್ಲ ದಿನ, ಮಳೆಯೋ ಗಾಳಿಯೋ, ಅದೇ ಸುತ್ತು. ಹಿಂಡಿನ ಒಂದೊಂದು ಮುಖವೂ ಅವನಿಗೆ ಗೊತ್ತು. ನಮಗೆಲ್ಲ ಒಂದೇ ಥರ ಕಾಣುವ ಮುಖಗಳವು.

2001ರ ಮಾರ್ಚ್ 1ರಂದು ಸ್ಕಾಟ್ಲೆಂಡಿನಲ್ಲಿ ಮೊದಲ ಕಾಲುಬಾಯಿ ಜ್ವರದ ಪ್ರಕರಣ ಖಚಿತವಾದಾಗ ನಾವು ಶಿವಮೊಗ್ಗಕ್ಕೆ ಬಂದು ನೆಲೆಸಿ ಎಷ್ಟೋ ಕಾಲವಾಗಿತ್ತು. ಟೀವಿಯಲ್ಲಿ ಚಿತೆ ಉರಿಯುವುದನ್ನು ಅಪ್ಪ ನೋಡಲಾರದೆ ಎದ್ದು ಹೋದರು. ಡಂಫ್ರೀಸ್ ಅಂಡ್ ಗ್ಯಾಲೋವೇಯಲ್ಲಿ, ಬಾರ್ಡರ್ಸ್‌ನಲ್ಲಿ ರೋಗ ಬಂದ ಕುರಿಯ ಜೊತೆ ಬಾರದ ಕುರಿಯನ್ನೂ ಕೊಂದು ಸುಟ್ಟರು. ರೋಗ ತಡೆಯಲು ಬೇರೆ ದಾರಿಯಿರಲಿಲ್ಲ ಎಂದವರಿದ್ದಾರೆ, ಇರಬಹುದು. ಸರ್ಕಾರ ಪರಿಹಾರ ಕೊಟ್ಟಿತು, ಪರಿಹಾರದ ಹಣದಲ್ಲಿ ಬೇರೆ ಕುರಿ ಕೊಳ್ಳಬಹುದಿತ್ತು. ಆದರೆ ಆ ಗುಡ್ಡವನ್ನು ಬಲ್ಲ ಕುರಿ ಯಾವ ಸಂತೆಯಲ್ಲಿ ಸಿಗುತ್ತದೆ? ಹೊಸ ಹಿಂಡು ತಂದು ಬಿಟ್ಟವರು ವರ್ಷಗಟ್ಟಲೆ ಹಗಲೂ ರಾತ್ರಿ ಅವುಗಳ ಹಿಂದೆ ಅಲೆದು ನೆಲ ಕಲಿಸಬೇಕಾಯಿತು. ಅಲೆಯಲು ಆಳು ಎಲ್ಲಿಂದ ಬರಬೇಕು? ಎಷ್ಟೋ ಮಂದಿ ಅಲ್ಲಿಗೇ ಕೈಬಿಟ್ಟರು.

ನಾನು ಬಲ್ಲ ಆ ಲೋಕದ ಹಬ್ಬವೆಂದರೆ ಉಣ್ಣೆ ಕತ್ತರಿಸುವ ದಿನ. ಜುಲೈನಲ್ಲಿ ಒಳ್ಳೆಯ ಬಿಸಿಲು ಬಿದ್ದ ಬೆಳಗ್ಗೆ ಅಕ್ಕಪಕ್ಕದ ಫಾರ್ಮುಗಳವರೆಲ್ಲ ಒಂದು ಕಡೆ ಸೇರುತ್ತಿದ್ದರು. ಇವತ್ತು ನಿಮ್ಮಲ್ಲಿ, ನಾಳಿದ್ದು ನಮ್ಮಲ್ಲಿ. ಕೂಲಿಯ ಮಾತೇ ಇಲ್ಲ, ನಮ್ಮ ಕಡೆಯ ಮುಯ್ಯಾಳಿನ ಲೆಕ್ಕ. ಮಂಜು ಕರಗುವ ಮೊದಲೇ ನಾಯಿಗಳು ಗುಡ್ಡದ ಅಂಚಿನಿಂದ ಹಿಂಡನ್ನು ಕೆಳಗಿಳಿಸಿರುತ್ತಿದ್ದವು. ಒಂದು ಸಿಳ್ಳೆಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ, ಮತ್ತೊಂದಕ್ಕೆ ಹುಲ್ಲಲ್ಲಿ ಹೊಟ್ಟೆಯೂರಿ ಮಲಗುವ ಆ ಬಾರ್ಡರ್ ಕಾಲಿಗಳನ್ನು ನೋಡುತ್ತ ನಾನು ಬಾಯಿ ತೆರೆದು ನಿಂತಿರುತ್ತಿದ್ದೆ. ಗಂಡಸರು ಕುರಿಯನ್ನು ಕುಂಡೆಯೂರಿ ಕೂರಿಸಿ, ಮೊಣಕಾಲ ಸಂದಿಯಲ್ಲಿ ಹಿಡಿದು, ಕೈಕತ್ತರಿಯಲ್ಲಿ ಹೊಟ್ಟೆಯಿಂದ ಶುರುಮಾಡುತ್ತಿದ್ದರು. ಕತ್ತರಿಯ ಕ್ರಿಚ್ ಕ್ರಿಚ್ ಸದ್ದು ನಿಲ್ಲದೆ ನಡೆಯುತ್ತಿತ್ತು. ಒಂದು ಹನಿ ರಕ್ತ ಕಾಣಿಸದಂತೆ ಇಡೀ ಉಣ್ಣೆ ಕಂಬಳಿ ಕಳಚಿದ ಹಾಗೆ ಒಂದೇ ತುಂಡಾಗಿ ಬಿಚ್ಚಿಕೊಳ್ಳುತ್ತಿತ್ತು. ಒಳಮೈ ಎಷ್ಟು ಬೆಳ್ಳಗೆ!

ಹೆಂಗಸರು ಅದನ್ನು ಮೇಜಿನ ಮೇಲೆ ಹರಡಿ, ಅಂಟಿದ ಹಿಕ್ಕೆ, ಮುಳ್ಳು ಕಿತ್ತು, ಎರಡು ಪಕ್ಕ ಒಳಕ್ಕೆ ಮಡಿಸಿ, ಬಿಗಿಯಾಗಿ ಸುರುಳಿ ಸುತ್ತುತ್ತಿದ್ದರು. ಕೊನೆಗೆ ತುದಿಯ ಉಣ್ಣೆಯನ್ನೇ ಎಳೆದು ಹೊಸೆದು ಹಗ್ಗ ಮಾಡಿ ಆ ಸುರುಳಿಗೆ ಕಟ್ಟು ಹಾಕುವುದು. ಮಕ್ಕಳಿಗೆ ಇದ್ದ ಕೆಲಸ ಎಲ್ಲಕ್ಕಿಂತ ಚೆಂದದ್ದು. ಕೊಟ್ಟಿಗೆಯ ತೊಲೆಯಿಂದ ಆಳೆತ್ತರದ ಗೋಣಿಚೀಲವೊಂದನ್ನು ಬಾಯಗಲಿಸಿ ನೇತುಹಾಕಿರುತ್ತಿದ್ದರು. ನನ್ನನ್ನು ಎತ್ತಿ ಅದರೊಳಗೆ ಇಳಿಸುತ್ತಿದ್ದರು. ಮೇಲಿನಿಂದ ಸುರುಳಿಗಳು ಬೀಳುತ್ತಿದ್ದವು, ನಾನು ಮೂಲೆ ಮೂಲೆಗೆ ಒತ್ತಿ ತುಳಿಯುತ್ತಿದ್ದೆ. ತುಳಿದಂತೆಲ್ಲ ನಾನು ಮೇಲೆ ಮೇಲೆ ಬಂದು, ಕಡೆಗೆ ಚೀಲದ ಬಾಯಲ್ಲಿ ತಲೆ ಕಂಡಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಉಣ್ಣೆಯ ಜಿಡ್ಡಿನಿಂದ ಕೈಕಾಲು ದಿನಗಟ್ಟಲೆ ಮೆತ್ತಗಿರುತ್ತಿತ್ತು, ಅಮ್ಮ ಎಷ್ಟು ತಿಕ್ಕಿದರೂ ಕುರಿವಾಸನೆ ಹೋಗುತ್ತಿರಲಿಲ್ಲ. ಮಧ್ಯಾಹ್ನ ಅಂಗಳದ ಹುಲ್ಲಿನ ಮೇಲೆ ಊಟ. ನಾವು ಮಾಂಸ ತಿನ್ನುವುದಿಲ್ಲವೆಂದು ಆ ಮನೆಯೊಡತಿ ನಮಗಾಗಿಯೇ ಬೇರೆ ಬಾಣಲೆಯಲ್ಲಿ ಆಲೂಗಡ್ಡೆ ಸ್ಕೋನ್ ಸುಡುತ್ತಿದ್ದಳು. ಅಪ್ಪನನ್ನು ಎಲ್ಲರೂ ಬರೀ ‘ಡಾಕ್ಟರ್’ ಎನ್ನುತ್ತಿದ್ದರು, ನಾನು ‘ಡಾಕ್ಟರ ಮಗು’.

ಆ ಉಣ್ಣೆಗೆ ಆಗ ಬೆಲೆಯಿತ್ತು. ಚೆವಿಯಟ್ ಕುರಿಯದು ಟ್ವೀಡ್ ಬಟ್ಟೆಗೆ, ಬ್ಲ್ಯಾಕ್‌ಫೇಸ್ ಕುರಿಯ ಒರಟು ಉಣ್ಣೆ ರತ್ನಗಂಬಳಿಗೆ, ಹಾಸಿಗೆಗೆ. ಗ್ಯಾಲಶೀಲ್ಸ್, ಸೆಲ್ಕರ್ಕ್, ಹಾವಿಕ್ ಊರುಗಳ ಗಿರಣಿಗಳ ಸೈರನ್ನಿಗೆ ಅಲ್ಲಿಯವರ ಗಡಿಯಾರ ನಡೆಯುತ್ತಿತ್ತು. ಗಿರಣಿಗಳು ಒಂದೊಂದಾಗಿ ಕದ ಹಾಕಿದವು, ಕೆಲವು ಫ್ಲಾಟುಗಳಾದವು. ಈಗ ಎಷ್ಟೋ ವರ್ಷ ಉಣ್ಣೆ ಮಾರಿ ಬಂದ ಹಣ ಕತ್ತರಿಸಿದವರ ಕೂಲಿಗೂ ಸಾಲುವುದಿಲ್ಲ. ಚಳಿಯಲ್ಲಿ ಲೋಕವನ್ನೆಲ್ಲ ಬೆಚ್ಚಗಿಟ್ಟ ಪದಾರ್ಥಕ್ಕೆ ಈ ಗತಿ ಬಂದದ್ದನ್ನು ಯೋಚಿಸಿದರೆ ನನಗೆ ಸಿಟ್ಟೇ ಬರುತ್ತದೆ. ಆ ಗುಡ್ಡದ ಮೇಲೆ ನಡೆಯಲು ಬರುವ ನಾವೆಲ್ಲ ತೊಟ್ಟಿರುವುದು ಪ್ಲಾಸ್ಟಿಕ್ಕಿನ ಎಳೆಯ ಜಾಕೆಟ್ಟು. ಉಣ್ಣೆ ಕತ್ತರಿಸಲು ಈಗ ಗುತ್ತಿಗೆಯ ತಂಡ ಬರುತ್ತದೆ, ಕರೆಂಟಿನ ಯಂತ್ರ ತರುತ್ತದೆ, ಸಂಜೆಯೊಳಗೆ ಕೆಲಸ ಮುಗಿಸಿ ಮುಂದಿನ ಫಾರ್ಮಿಗೆ ಹೋಗುತ್ತದೆ. ಬೆನ್ನು ಮುರಿಯುವ ಕೆಲಸ ಹಗುರಾಯಿತು, ಅದನ್ನು ಬೇಡವೆನ್ನಲಾರೆ. ಆದರೆ ಅಂಗಳದ ಆ ಊಟ?

ಇನ್ನು ಹಕ್ಕಿಗಳು. ಏಪ್ರಿಲ್‌ನಲ್ಲಿ ಗುಡ್ಡವಿಡೀ ಕರ್ಲ್ಯೂ ಹಕ್ಕಿಯ ದನಿಯಿಂದ ತುಂಬಿರುತ್ತಿತ್ತು. ಅಲ್ಲಿಯವರು ಅದನ್ನು ವಾಪ್ ಎನ್ನುತ್ತಾರೆ. ಕೆಳಕ್ಕೆ ಬಾಗಿದ ಉದ್ದ ಕೊಕ್ಕು, ಕಂದು ಮೈ. ನೆಲದಿಂದ ಮೇಲೇರಿ ರೆಕ್ಕೆ ಚಾಚಿ ತೇಲುತ್ತ ಇಳಿಯುವಾಗ ಅದರ ಕೊರಳಿಂದ ಉಕ್ಕುವ ನಾದ ಒಮ್ಮೆ ಅಳು, ಒಮ್ಮೆ ನಗು. ನಮ್ಮ ಟಿಟ್ಟಿಭದ ದಾಯಾದಿ ಲ್ಯಾಪ್‌ವಿಂಗ್, ತಲೆಗೊಂದು ಜುಟ್ಟು ಕಟ್ಟಿಕೊಂಡು ಗದ್ದೆಯ ಮೇಲೆ ಲಾಗ ಹಾಕುತ್ತಿತ್ತು. ಮೇಲೆಲ್ಲೋ ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ ಸ್ಕೈಲಾರ್ಕ್. ಹೋದ ವರ್ಷದ ಇಡೀ ನಡಿಗೆಯಲ್ಲಿ ಕರ್ಲ್ಯೂ ಕೂಗಿದ್ದು ಒಂದೇ ಕಡೆ ಕೇಳಿಸಿತು. ಪ್ರಪಂಚದಲ್ಲಿ ಮರಿ ಮಾಡುವ ಕರ್ಲ್ಯೂಗಳಲ್ಲಿ ಕಾಲು ಭಾಗದವರೆಗೆ ಬ್ರಿಟನ್ನಿನಲ್ಲೇ ಇದ್ದವೆಂದು ಹಕ್ಕಿ ಬಲ್ಲವರು ಹೇಳುತ್ತಾರೆ. 2015ರಲ್ಲಿ ಅದನ್ನು ಅಲ್ಲಿನ ಕೆಂಪು ಪಟ್ಟಿಗೆ ಸೇರಿಸಿದರು. ಜೌಗಿಗೆ ಕಾಲುವೆ ಹೊಡೆದು ನೀರು ಬಸಿದದ್ದು, ಜುಲೈ ಕಳೆದ ಮೇಲೆ ಕೊಯ್ಯುತ್ತಿದ್ದ ಒಣಹುಲ್ಲಿನ ಬದಲು ಮೇನಲ್ಲೇ ಹಸಿಹುಲ್ಲು ಕೊಯ್ದು ಕರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದು, ನೆಟ್ಟ ಕಾಡಿನೊಳಗೆ ಮನೆ ಮಾಡಿಕೊಂಡ ನರಿ ಕಾಗೆಗಳು ಮೊಟ್ಟೆ ಮರಿಗಳನ್ನು ತಿನ್ನುವುದು, ಕಾರಣ ಒಂದಲ್ಲ. ಇದೇ ಜಾತಿಯ ಹಕ್ಕಿಗಳು ಬೇರೆ ದೇಶಗಳಿಂದ ಚಳಿಗಾಲಕ್ಕೆ ನಮ್ಮ ಅಘನಾಶಿನಿಯ ಅಳಿವೆಗೂ ಬರುತ್ತವೆ. ಅಲ್ಲಿ ಕೆಸರು ಕೆದಕುತ್ತ ನಿಂತದ್ದನ್ನು ಕಂಡಾಗಲೆಲ್ಲ ನಾನು ಸುಮ್ಮನೆ ಕಾಯುತ್ತೇನೆ. ಗುಡ್ಡದ ಆ ಹಾಡನ್ನು ಅವು ಇಲ್ಲಿ ಹಾಡುವುದಿಲ್ಲ.

ನೆಟ್ಟ ಕಾಡು ಎಂದೆ. ದಾರಿಯ ನಡುವೆ ಬ್ಲ್ಯಾಕ್‌ಹೌಸ್ ಎಂಬ ಫಾರ್ಮ್, ಪಕ್ಕದಲ್ಲಿ ಪಾಳುಬಿದ್ದ ಗೋಪುರ. ಎಟ್ರಿಕ್ ಕುರಿಗಾರನೆಂದೇ ಹೆಸರಾದ ಕವಿ ಜೇಮ್ಸ್ ಹಾಗ್ 1790ರಿಂದ ಹತ್ತು ವರ್ಷ ಕುರಿ ಕಾದದ್ದು ಇಲ್ಲಿ. 1794ರ ಜನವರಿಯ ಹಿಮಗಾಳಿಯಲ್ಲಿ ಈ ಸೀಮೆಯ 17 ಕುರಿಗಾರರು ಸತ್ತರೆಂದು ಅವನೇ ಬರೆದಿದ್ದಾನೆ. ಅವನು ಅಲೆದ ಗುಡ್ಡದ ಮಗ್ಗುಲುಗಳನ್ನು ಈಗ ಸಿಟ್ಕಾ ಸ್ಪ್ರೂಸ್ ಮುಚ್ಚಿದೆ. ಅಮೆರಿಕದ ಪಡುವಣ ಕರಾವಳಿಯ ಈ ಮರವನ್ನು 1831ರಲ್ಲಿ ಬ್ರಿಟನ್ನಿಗೆ ತಂದವನು ಡೇವಿಡ್ ಡಗ್ಲಸ್, ಸ್ಕಾಟ್ಲೆಂಡಿನವನೇ. ಮೊದಲ ಮಹಾಯುದ್ಧದಲ್ಲಿ ಮರಕ್ಕೆ ತತ್ವಾರವಾಗಿ 1919ರಲ್ಲಿ ಅರಣ್ಯ ಆಯೋಗ ಹುಟ್ಟಿತು. ಅಲ್ಲಿಂದ ನೆಡುವುದೇ ನೆಡುವುದು. ಒಂದು ಕಾಲಕ್ಕೆ ತೆರಿಗೆ ಉಳಿಸಲು ದೂರದ ಸಾಹುಕಾರರು ನೆಟ್ಟರು, 1988ರಲ್ಲಿ ಆ ಅನುಕೂಲ ನಿಂತಿತು. ಈಗ ಇಂಗಾಲದ ಲೆಕ್ಕಕ್ಕಾಗಿ ನೆಡುತ್ತಾರೆ. ಮರ ನೆಡಬೇಡಿ ಎಂದು ಮಲೆನಾಡಿನವರಾದ ನಾವು ಹೇಳಬಾರದು. ಮನೆ ಕಟ್ಟಲು ಮರ ಬೇಕು, ಭೂಮಿಗೆ ನೆರಳು ಬೇಕು. ಆದರೆ ಇದು ಕಾಡಲ್ಲ. ಸಾಲುಸಾಲು ಒಂದೇ ಮರ, ಒಂದೇ ವಯಸ್ಸು, ಒಳಗೆ ಹುಲ್ಲೆಸಳಿಗೂ ಬೆಳಕಿಲ್ಲ. ನಮ್ಮಲ್ಲಿ ಅಕೇಶಿಯಾ ತೋಪಿನೊಳಗೆ ಹೊಕ್ಕವರಿಗೆ ಆ ಉಸಿರುಕಟ್ಟುವಿಕೆ ಗೊತ್ತು. ಮೂವತ್ತೈದು ನಲವತ್ತು ವರ್ಷಕ್ಕೆ ಒಬ್ಬನೇ ಒಬ್ಬ ಯಂತ್ರದಲ್ಲಿ ಕೂತು ಗುಡ್ಡವನ್ನೇ ಬೋಳಿಸಿ ಹೋಗುತ್ತಾನೆ. 2021ರ ನವೆಂಬರಿನ ಆರ್ವೆನ್ ಬಿರುಗಾಳಿ ಯಂತ್ರಕ್ಕೂ ಕಾಯಲಿಲ್ಲ, ಬಾರ್ಡರ್ಸ್ ತುಂಬ ಲೆಕ್ಕವಿಲ್ಲದಷ್ಟು ಮರ ಮಲಗಿಸಿತು.

ಬೇರೆ ಥರ ನೆಡುವವರೂ ಇದ್ದಾರೆ. ಗುಡ್ಡದಾಚೆ ಮೊಫಟ್ ಬಳಿಯ ಕ್ಯಾರಿಫ್ರಾನ್ ಕಣಿವೆಯನ್ನು ಊರಿನ ಜನ ಚಂದಾ ಎತ್ತಿ ಕೊಂಡು, 2000ನೇ ಇಸವಿಯಿಂದ ಅಲ್ಲಿಯದೇ ಬರ್ಚ್, ಓಕ್, ರೋವನ್ ನೆಡುತ್ತ ಬಂದಿದ್ದಾರೆ. ಅದನ್ನು ನೋಡಿದಾಗ ಮನಸ್ಸಿಗೆ ನೆಮ್ಮದಿಯಾಯಿತು.

ಸರೋವರದ ಪಶ್ಚಿಮಕ್ಕೆ ಮೆಗೆಟ್ ಕಣಿವೆ. ಎಡಿನ್‌ಬರಾದ ನಲ್ಲಿಗಳಿಗಾಗಿ ಅಲ್ಲಿ ಅಣೆಕಟ್ಟು ಎದ್ದದ್ದು ನಾವಿದ್ದಾಗಲೇ, 1983ರಲ್ಲಿ ಮುಗಿಯಿತು. ಮಣ್ಣಿನ ಏರಿ ಎತ್ತರವಾಗುತ್ತಿದ್ದ ದಿನಗಳಲ್ಲಿ ಅಪ್ಪ ಆ ದಾರಿಯಲ್ಲಿ ಕಾರು ನಿಲ್ಲಿಸಿ ಇಳಿಯುತ್ತಿದ್ದರು. 1964ರ ಲಿಂಗನಮಕ್ಕಿಯ ನೀರಿನಲ್ಲಿ ಅಜ್ಜನ ಮನೆ, ಅಡಿಕೆ ತೋಟ, ಊರ ದೇವಸ್ಥಾನ ಎಲ್ಲ ಮುಳುಗಿದ್ದನ್ನು ಕಂಡವರು ಅವರು. ಅಲ್ಲಿ ಕರೆಂಟಿಗಾಗಿ, ಇಲ್ಲಿ ಕುಡಿಯುವ ನೀರಿಗಾಗಿ. ಮೆಗೆಟ್‌ನ ಮುದುಕ ಕುರಿಗಾರನೊಬ್ಬ ಬೇಲಿಗೆ ಒರಗಿ ನಿಂತು ಕಣಿವೆಯ ಕಡೆ ಕೈ ತೋರಿಸುತ್ತ ಅಪ್ಪನಿಗೆ ಏನೇನೋ ಹೇಳುತ್ತಿದ್ದ. ಯಾವ ಮೂಲೆಯಲ್ಲಿ ಮೊದಲ ಹುಲ್ಲು, ಯಾವ ಹಳ್ಳದಲ್ಲಿ ಟ್ರೌಟ್ ಮೀನು. ಅಪ್ಪ ನಮ್ಮೂರ ಶರಾವತಿಯ ಮಾತು ತೆಗೆದರು. ಇಬ್ಬರ ಇಂಗ್ಲಿಷೂ ಒಬ್ಬರಿಗೊಬ್ಬರಿಗೆ ಅರ್ಧ ತಿಳಿಯುತ್ತಿದ್ದುದು. ಆದರೂ ಬಹಳ ಹೊತ್ತು ಮಾತಾಡಿದರು.

ನಡೆಯುವವರಿಗೆ ಇಂದಿನ ಕಾಲ ಒಳ್ಳೆಯದು ಎಂಬುದನ್ನೂ ಒಪ್ಪಬೇಕು. ಸದರ್ನ್ ಅಪ್‌ಲ್ಯಾಂಡ್ ವೇ ಎಂದು ಈ ದಾರಿಗೆ ಗುರುತು ಹಾಕಿ ತೆರೆದದ್ದು 1984ರಲ್ಲಿ, ನಾವು ಊರಿಗೆ ಮರಳಿದ ವರ್ಷ. 2003ರ ಭೂಸುಧಾರಣಾ ಕಾಯ್ದೆಯ ಮೇಲೆ ಸ್ಕಾಟ್ಲೆಂಡಿನ ಬಹುಪಾಲು ನೆಲದ ಮೇಲೆ ಯಾರು ಬೇಕಾದರೂ ಮರ್ಯಾದೆಯಿಂದ ನಡೆದು ಹೋಗಬಹುದು. ಅಪರೂಪದ ಕಾನೂನು, ಕೈ ಮುಗಿಯಬೇಕು. ಆದರೆ ನೆಲದ ಮೇಲೆ ನಡೆಯುವ ಹಕ್ಕು ಬಂದ ಹೊತ್ತಿಗೆ ಅಲ್ಲಿ ಬಾಳುವ ದಾರಿಯೇ ಇಲ್ಲವಾಗುತ್ತಿತ್ತು. ಒಬ್ಬ ಕುರಿಗಾರನ ಸಂಸಾರವಿದ್ದ ಮನೆಗಳು ವಾರದ ಲೆಕ್ಕದಲ್ಲಿ ಬಾಡಿಗೆಗೆ ಹೋಗುತ್ತವೆ. ಬಾಗಿಲಲ್ಲಿ ಬೀಗದ ಕೈ ಇಡುವ ಗುಪ್ತಸಂಖ್ಯೆಯ ಡಬ್ಬಿ. ನಾಲ್ಕು ಗುಡ್ಡಕ್ಕೆ ನಾಲ್ವರಿದ್ದ ಕಡೆ ಒಬ್ಬ ನಾಲ್ಕು ಚಕ್ರದ ಬೈಕಿನಲ್ಲಿ ಸುತ್ತು ಹಾಕುತ್ತಾನೆ. ಅವನಿಗೂ ನಿಂತು ಮಾತಾಡಲು ಪುರುಸೊತ್ತಿಲ್ಲ, ಪಾಪ.

ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಗೋಡೆಗಳು ಕುಸಿದಲ್ಲಿ ಕುಸಿದೇ ಇವೆ. ಎರಡು ಮುಖ ಒಳಕ್ಕೆ ವಾಲಿಸಿ, ನಡುವೆ ಚಿಕ್ಕ ಕಲ್ಲು ತುಂಬಿ, ಅಲ್ಲಲ್ಲಿ ಎರಡೂ ಮುಖಕ್ಕೆ ತಾಗುವ ಉದ್ದ ಕಲ್ಲು ಬಿಗಿದು, ತಲೆಯ ಮೇಲೆ ನಿಲುವುಗಲ್ಲು ಸಾಲಿಟ್ಟು ಕಟ್ಟುತ್ತಿದ್ದರು. ಚಳಿಗಾಲದ ಹಿಮಕ್ಕೆ ಬಿದ್ದದ್ದನ್ನು ಕುರಿಗಾರ ಮಾರ್ಚಿನಲ್ಲಿ ಎತ್ತಿ ಕಟ್ಟುತ್ತಿದ್ದ. ಅವನ ಕೈಗೆ ಬಂದ ಕಲ್ಲು ಮತ್ತೆ ನೆಲಕ್ಕೆ ಹೋಗುತ್ತಿರಲಿಲ್ಲ, ತಿರುಗಿಸಿ ತಿರುಗಿಸಿ ಅದಕ್ಕೊಂದು ಜಾಗ ಹುಡುಕಿಯೇ ಹುಡುಕುತ್ತಿದ್ದ. ಈಗ ಸಂದಿಗೆ ತಂತಿ ಬಿಗಿದು ಕೈತೊಳೆದುಕೊಂಡಿದ್ದಾರೆ.

ಟ್ರಾಕ್ವೇರ್ ದಾಟಿ ಇನ್ನರ್‌ಲೀದನ್‌ಗೆ ಬಂದರೆ ಊರು ಕಳೆಕಳೆಯಾಗಿದೆ. ಗುಡ್ಡದಿಂದ ಸೈಕಲ್ಲಿನಲ್ಲಿ ಧುಮುಕುವ ಆಟಕ್ಕೆ ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ, ಕಾಫಿಯಂಗಡಿಗಳು ತುಂಬಿವೆ. ಬಸ್ಸಿಗೆ ಕಾಯುವಾಗ ಮೈತುಂಬ ಕೆಸರಾದ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂತ. ಎಲ್ಲಿಂದ ನಡೆದು ಬಂದೆ ಎಂದು ಕೇಳಿದ, ಹೇಳಿದೆ. ಮೇಲೆ ಗುಂಡಗೆ ಕಲ್ಲಿನ ಗೋಡೆಯಿದೆಯಲ್ಲ, ಅದು ರೋಮನ್ನರದೇ ಎಂದ. ಅದು ಸ್ಟೆಲ್, ಕುರಿದೊಡ್ಡಿ, ಗುಂಡಗಿದ್ದರೆ ಗಾಳಿ ಹಿಮವನ್ನು ಸುತ್ತು ಬಳಸಿ ಒಯ್ಯುತ್ತದೆ, ಮೂಲೆಯಲ್ಲಿ ರಾಶಿಯಾಗಿ ಕುರಿಯನ್ನು ಹೂಳುವುದಿಲ್ಲ ಎಂದೆ. 1947ರ ಹಿಮದಲ್ಲಿ ಉದ್ದ ಕೋಲಿನಿಂದ ಚುಚ್ಚಿ ಚುಚ್ಚಿ ಹುಗಿದ ಕುರಿಗಳನ್ನು ಹುಡುಕಿದ್ದು, ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಗೆ ಹೊದಿಸಿ ತಾಯಿಯನ್ನು ಒಲಿಸುವುದು, ನನಗೆ ಕುರಿಗಾರರು ಹೇಳಿದ್ದನ್ನೆಲ್ಲ ಹೇಳಿದೆ. ಫೋನು ಕೆಳಗಿಟ್ಟು ಕೇಳಿದ. ಅವನ ಅಜ್ಜಿ ಯ್ಯಾರೋ ಕಡೆಯ ಫಾರ್ಮಿನಲ್ಲೇ ಹುಟ್ಟಿದವಳಂತೆ, ಈಗ ಎಂಬತ್ತೇಳಂತೆ, ಇದೊಂದನ್ನೂ ಅವನಿಗೆ ಹೇಳಿಲ್ಲವಂತೆ. ನೀನು ಕೇಳಿದ್ದೀಯಾ ಎಂದೆ. ಇಲ್ಲ ಎಂದ. ಈ ಭಾನುವಾರವೇ ಹೋಗಿ ಕೇಳು ಮಗಾ, ಮುಂದಿನ ಬೇಸಿಗೆಗೆ ಎಂದು ಇಟ್ಟುಕೊಳ್ಳಬೇಡ ಎಂದೆ. ಅವನ ಗೆಳೆಯರು ಆಚೆಯಿಂದ ಕೂಗುತ್ತಿದ್ದರು.